ಐದು ನಿಮಿಷದ ಭಾಷಣ, ಮೂರು ಭಾಷೆಯ ಕಪಾಟು

ಕಾಲೇಜಿನ ಸಭಾಂಗಣದಲ್ಲಿ ವಕ್ತೃತ್ವ ಸ್ಪರ್ಧೆ ನಡೆದಿದೆ. ಮೇಜಿನ ಮೇಲೆ ಕರೆಗಂಟೆ, ಪಕ್ಕದಲ್ಲಿ ಹಾರ ಹಾಕಿದ ಫೋಟೊ, ತೀರ್ಪುಗಾರರ ಕೈಯಲ್ಲಿ ಅಂಕಪಟ್ಟಿ. ಮೊದಲ ಹುಡುಗಿ ಬಂದು ‘ಸನ್ಮಾನನೀಯ ವ್ಯಾಸಪೀಠ’ ಎಂದು ಮರಾಠಿ ಧಾಟಿಯಲ್ಲಿ ಕೈ ಮುಗಿದು, ಸೊನ್ನಲಿಗೆಯ, ಅಂದರೆ ಈಗಿನ ಸೋಲಾಪುರದ, ಶರಣ ಸಿದ್ಧರಾಮೇಶ್ವರರ ಬಗ್ಗೆ ಕನ್ನಡದಲ್ಲಿ ಮಾತು ಶುರು ಮಾಡುತ್ತಾಳೆ. ಚೆನ್ನಾಗಿಯೇ ಮಾತಾಡುತ್ತಾಳೆ. ಎರಡನೆಯವನು ಬಾಯಿ ತೆರೆದಾಗ ಎಲ್ಲೋ ಕೇಳಿದ ಹಾಗಿದೆಯಲ್ಲ ಅನಿಸುತ್ತದೆ. ಮೂರನೆಯವಳ ಹೊತ್ತಿಗೆ ಅನುಮಾನ ಉಳಿಯುವುದಿಲ್ಲ: ಅದೇ ಆರಂಭ, ಅದೇ ಉಪಮೆ, ನಡುವೆ ಅದೇ ತಪ್ಪು ಇಸವಿ. ಮೊಬೈಲಿನಲ್ಲಿ ಮೊದಲು ಸಿಕ್ಕ ಬರಹವನ್ನೇ ಮೂವರೂ ಬಾಯಿಪಾಠ ಮಾಡಿ ಬಂದಿದ್ದಾರೆ. ತೀರ್ಪುಗಾರರ ಕಣ್ಣು ಅಂಕಪಟ್ಟಿಯಿಂದ ಚಹಾದ ಕಡೆಗೆ ಹೊರಳುತ್ತದೆ.

ಸೋಲಾಪುರ, ಅಕ್ಕಲಕೋಟೆ, ಮಂಗಳವೇಢೆ ಸೀಮೆಯಲ್ಲಿ ಭಾಷಣಕ್ಕೇನೂ ಬರವಿಲ್ಲ. ಬಸವ ಜಯಂತಿ, ಅಂಬೇಡ್ಕರ್ ಜಯಂತಿ, ಫೆಬ್ರುವರಿ 27ರ ಮರಾಠಿ ಭಾಷಾ ಗೌರವ ದಿನ, ಅಬ್ದುಲ್ ಕಲಾಂ ಹುಟ್ಟಿದ ಅಕ್ಟೋಬರ್ 15ರಂದು ವಾಚನ ಪ್ರೇರಣಾ ದಿನ, ಅದರ ಬೆನ್ನಿಗೇ ಕನ್ನಡದವರ ರಾಜ್ಯೋತ್ಸವ. ಇದರ ಮೇಲೆ ತರಗತಿಯ ಸೆಮಿನಾರು, ಅದಕ್ಕೆ ಆಂತರಿಕ ಅಂಕ. ಬರ ಇರುವುದು ಭಾಷಣದೊಳಗಿನ ಸರಕಿಗೆ. ‘ನಮ್ಮ ಕಡಿ ಕನ್ನಡ ಪುಸ್ತಕ ಎಲ್ಲಿ ಸಿಗತಾವ್ರಿ ಸರ್’ ಎಂಬುದು ವಿದ್ಯಾರ್ಥಿಗಳ ಕಾಯಂ ಉತ್ತರ. ಅದು ಅರ್ಧ ನಿಜ. ಉಳಿದರ್ಧ ಏನೆಂದರೆ, ಸರಕು ಇದೆ. ಅವರು ಹುಡುಕಿದ್ದು ಒಂದೇ ಭಾಷೆಯಲ್ಲಿ, ಒಂದೇ ಕಪಾಟಿನಲ್ಲಿ.

ನಂದೇಶ್ವರದಿಂದ ನೋಡಿದರೆ

ನಂದೇಶ್ವರ ಮಂಗಳವೇಢೆ ತಾಲೂಕಿನ ಊರು. ಬಸವಣ್ಣ ಕಲ್ಯಾಣಕ್ಕೆ ಹೋಗುವ ಮುಂಚೆ ಬಿಜ್ಜಳನ ಬಳಿ ಕರಣಿಕನಾಗಿದ್ದದ್ದು ಮಂಗಳವೇಢೆಯಲ್ಲಿ ಎಂಬುದು ಇಲ್ಲಿಯವರ ಹೆಮ್ಮೆ. ಸಂತ ಚೋಖಾಮೇಳಾ, ದಾಮಾಜಿಪಂತ, ಕಾನ್ಹೋಪಾತ್ರಾ ಇವರ ಹೆಸರೂ ಇದೇ ಊರಿಗೆ ಅಂಟಿಕೊಂಡಿದೆ. ಇಲ್ಲಿಂದ ಕಾಲೇಜಿಗೆ ಹೋಗುವ ಹುಡುಗಿಗೆ ‘ಮಂಗಳವೇಢೆಯ ಬಸವಣ್ಣ’ ಎಂಬ ವಿಷಯ ಕೊಟ್ಟರೆ ಸರಕು ಎಲ್ಲೆಲ್ಲಿದೆ ನೋಡಿ. ವಚನಗಳ ಮೂಲ ಪಾಠ ಕರ್ನಾಟಕ ಸರ್ಕಾರ ಹೊರತಂದ ಹದಿನೈದು ಸಂಪುಟಗಳ ಸಮಗ್ರ ವಚನ ಸಾಹಿತ್ಯದಲ್ಲಿ, ಅಂದರೆ ಕನ್ನಡದಲ್ಲಿ. ಊರಿನ ಸಂತರ, ಗುಡಿಗಳ ವಿವರ ಮರಾಠಿಯಲ್ಲಿ. ಕಲಚುರಿ ಅರಸರ ಇತಿಹಾಸ, ಶಾಸನಗಳ ಚರ್ಚೆ ಬಹುಪಾಲು ಇಂಗ್ಲಿಷಿನಲ್ಲಿ.

ಕನ್ನಡ, ಮರಾಠಿಯ ಈ ಹಂಚಿಕೆಯ ನಡುವೆಯೇ 1956ರ ರಾಜ್ಯ ಪುನರ್ವಿಂಗಡಣೆಯ ಗಡಿ ಹಾದುಹೋಗಿದೆ. ಗ್ರಂಥಾಲಯಗಳ ವ್ಯವಸ್ಥೆಯೂ ಗಡಿಯ ಆಚೆ ಈಚೆ ಬೇರೆ. ಕರ್ನಾಟಕದಲ್ಲಿ 1965ರ ಕಾಯ್ದೆಯ ಪ್ರಕಾರ ಸರ್ಕಾರವೇ ಗ್ರಂಥಾಲಯ ನಡೆಸುತ್ತದೆ, ಅದಕ್ಕೆಂದೇ ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರ ವಸೂಲಾಗುತ್ತದೆ. ಮಹಾರಾಷ್ಟ್ರದ 1967ರ ಕಾಯ್ದೆಯ ದಾರಿ ಬೇರೆ: ಊರಿನ ಸಂಸ್ಥೆಗಳು ವಾಚನಾಲಯ ನಡೆಸುತ್ತವೆ, ಸರ್ಕಾರ ಅವನ್ನು ಅ, ಬ, ಕ, ಡ ಎಂದು ದರ್ಜೆ ಮಾಡಿ ಅನುದಾನ ಕೊಡುತ್ತದೆ. ಹಾಗಾಗಿ ಹಳ್ಳಿಯ ವಾಚನಾಲಯದಲ್ಲಿ ಏನಿರುತ್ತದೆ ಎಂಬುದು ಅದನ್ನು ನಡೆಸುವವರ ಓದು, ಓದುಗರ ಬೇಡಿಕೆಯ ಮೇಲೆ ನಿಂತಿದೆ. ಮರಾಠಿ ಪುಸ್ತಕಗಳ ನಡುವೆ ಕನ್ನಡದ್ದು ಒಂದು ಸಾಲು ಸಿಕ್ಕರೆ ಅದೃಷ್ಟ. ಕೇಳುವವರೇ ಇಲ್ಲದ ಭಾಷೆಯ ಪುಸ್ತಕ ಮುಂದಿನ ವರ್ಷದ ಖರೀದಿಯಲ್ಲಿ ಬರುವುದಿಲ್ಲ. ಬೇಕಾದ ಪುಸ್ತಕ ಬರೆದಿಡುವ ವಹಿ ಇದ್ದರೆ ಅದರಲ್ಲಿ ಬರೆದಾದರೂ ಬರಬೇಕು.

‘ಯಾವದರ ಕೊಡ್ರಿ, ಸಣ್ಣದಿರ್ಲಿ’

ಕಾಲೇಜು ಗ್ರಂಥಾಲಯದ ಕೌಂಟರಿನಲ್ಲಿ ದಿನವೂ ನಡೆಯುವ ಸಂಭಾಷಣೆ ಹೆಚ್ಚುಕಡಿಮೆ ಹೀಗಿರುತ್ತದೆ.

‘ಸರ್, ಸಿದ್ಧರಾಮೇಶ್ವರರ ಮ್ಯಾಲ ಒಂದ ಪುಸ್ತಕ ಬೇಕಾಗಿತ್ರಿ.’

‘ಯಾವ ಪುಸ್ತಕವಾ?’

‘ಯಾವದರ ಕೊಡ್ರಿ, ಸಣ್ಣದಿರ್ಲಿ. ನಾಳೆ ಭಾಷಣ ಐತ್ರಿ.’

‘ಸಿದ್ಧರಾಮರ ಬಗ್ಗೆ ಏನ ಹೇಳಾಕಿ ಇದ್ದಿ? ಅದನ್ನ ಮೊದಲ ಹೇಳು.’

ಇಲ್ಲಿ ಹುಡುಗಿ ಸುಮ್ಮನಾಗುತ್ತಾಳೆ, ಯಾಕೆಂದರೆ ಅದನ್ನು ಅವಳು ಯೋಚಿಸಿಯೇ ಇಲ್ಲ. ಗ್ರಂಥಪಾಲರ ಈ ಒಂದು ಪ್ರಶ್ನೆಗೆ ಉತ್ತರ ಹೊಳೆದರೆ ಅರ್ಧ ಕೆಲಸ ಮುಗಿದಂತೆ. ಐದು ನಿಮಿಷದ ಭಾಷಣದಲ್ಲಿ ಹಿಡಿಯುವುದು ಕೆಲವೇ ನೂರು ಪದ. ಅಷ್ಟರಲ್ಲಿ ಸಿದ್ಧರಾಮರ ಹುಟ್ಟು, ಶ್ರೀಶೈಲ, ಗುಡಿ, ಲಿಂಗಗಳು, ಅಲ್ಲಮಪ್ರಭುವಿನ ಭೇಟಿ, ಕಲ್ಯಾಣ ಎಲ್ಲವನ್ನೂ ತುರುಕಿದರೆ ಅದು ಪಂಚಾಂಗ ಓದಿದ ಹಾಗಾಗುತ್ತದೆ. ಬದಲಿಗೆ ‘ಸಿದ್ಧರಾಮರು ಕೆರೆ ಕಟ್ಟಿಸಿದರು ಎನ್ನುತ್ತಾರೆ, ಅದು ನಮಗೆ ಹೇಗೆ ಗೊತ್ತು’ ಎಂದು ಕೇಳಿಕೊಳ್ಳಲಿ. ತಕ್ಷಣ ಬೇಕಾದ ಪುಸ್ತಕಗಳ ಆಕಾರವೇ ಬದಲಾಗುತ್ತದೆ. ಅವರದೇ ವಚನಗಳು ಒಂದು. ರಾಘವಾಂಕ ಬರೆದ ಸಿದ್ಧರಾಮ ಚರಿತ್ರೆ ಇನ್ನೊಂದು; ಅದು ಭಕ್ತಕವಿಯ ಕಾವ್ಯ, ದಾಖಲೆಯೆಂದು ಓದಬಾರದು, ಆದರೆ ಜನರ ನೆನಪು ಎಷ್ಟು ಹಳೆಯದು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ಶಾಸನಗಳು ಮೂರನೆಯದು. ಇಪ್ಪತ್ತನೆಯ ಶತಮಾನಕ್ಕೆ ಬಂದರೆ ಜಯದೇವಿತಾಯಿ ಲಿಗಾಡೆ. ಸೋಲಾಪುರದಲ್ಲಿ 1912ರಲ್ಲಿ ಹುಟ್ಟಿ, ಮರಾಠಿಯಲ್ಲಿ ಓದಿ, ಆಮೇಲೆ ಕನ್ನಡ ಕಲಿತು ಸಿದ್ಧರಾಮರ ಮೇಲೆ ಮಹಾಕಾವ್ಯವನ್ನೇ ಬರೆದವರು. 1974ರ ಮಂಡ್ಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ವಹಿಸಿ, ಆ ಪೀಠದಲ್ಲಿ ಕೂತ ಮೊದಲ ಮಹಿಳೆಯಾದರು. ವಚನಗಳನ್ನು ಮರಾಠಿಗೆ ತಂದವರೂ ಅವರೇ. ಸೋಲಾಪುರದ ಹುಡುಗಿ ಇವರ ಮೇಲೆಯೇ ಪ್ರತ್ಯೇಕ ಭಾಷಣ ಮಾಡಬಹುದು. ಯಾಕೆ ಯಾರೂ ಮಾಡುವುದಿಲ್ಲವೋ ಕಾಣೆ.

ಪುಸ್ತಕದ ಬೆನ್ನ ಮೇಲಿನ ನಂಬರು

ಕಾಲೇಜು ಗ್ರಂಥಾಲಯದ ಪುಸ್ತಕಗಳ ಬೆನ್ನಿಗೆ ಅಂಟಿಸಿದ ಚೀಟಿಯನ್ನು ವಿದ್ಯಾರ್ಥಿಗಳು ನೋಡುವುದೇ ಇಲ್ಲ. ಅದು ಗ್ರಂಥಪಾಲರ ಲೆಕ್ಕಕ್ಕೆ ಇರುವ ನಂಬರು ಎಂದೇ ಬಹಳ ಜನ ತಿಳಿದಿದ್ದಾರೆ. ಲೆಕ್ಕದ ನಂಬರು ಬೇರೆ ಇರುತ್ತದೆ, ಒಳಗಡೆ ಗ್ರಂಥಾಲಯದ ಮುದ್ರೆಯ ಹತ್ತಿರ. ಬೆನ್ನ ಮೇಲಿನದು ವಿಷಯದ ವಿಳಾಸ. ಹೆಚ್ಚಿನ ಕಡೆ ಅದು ಅಮೆರಿಕದ ಮೆಲ್ವಿಲ್ ಡ್ಯೂಯಿ 1876ರಲ್ಲಿ ಹೊರತಂದ ದಶಮಾಂಶ ಪದ್ಧತಿ. ನಮ್ಮವರೇ ಆದ ಎಸ್.ಆರ್. ರಂಗನಾಥನ್ 1933ರಲ್ಲಿ ಕೋಲನ್ ಪದ್ಧತಿ ಕೊಟ್ಟರೂ ಕಾಲೇಜುಗಳಲ್ಲಿ ಗಟ್ಟಿಯಾಗಿ ನಿಂತದ್ದು ಡ್ಯೂಯಿಯೇ.

ಈ ಪದ್ಧತಿಯಲ್ಲಿ ಕನ್ನಡ ಸಾಹಿತ್ಯದ ಸಂಖ್ಯೆ 894.814. ಮರಾಠಿ ಸಾಹಿತ್ಯ 891.46. ಹಿಂದೂ ಧರ್ಮಕ್ಕೆ ಸಂಬಂಧಿಸಿದ್ದು 294.5ರಲ್ಲಿ, ಭಾರತದ ಇತಿಹಾಸ 954ರಲ್ಲಿ. ಅಂದರೆ ಒಬ್ಬ ಸಿದ್ಧರಾಮರೇ ನಾಲ್ಕು ಕಡೆ ಕೂತಿರುತ್ತಾರೆ: ವಚನಕಾರರಾಗಿ ಒಂದು ಕಪಾಟಿನಲ್ಲಿ, ಮರಾಠಿ ಲೇಖನಗಳ ನಡುವೆ ಇನ್ನೊಂದರಲ್ಲಿ, ಶರಣ ಧರ್ಮದ ಪುಸ್ತಕಗಳ ನಡುವೆ ಮತ್ತೊಂದರಲ್ಲಿ, ಸೋಲಾಪುರದ ಇತಿಹಾಸದೊಳಗೆ ಮಗದೊಂದರಲ್ಲಿ. ಸಾಹಿತ್ಯದ ಕಪಾಟು ನೋಡಿ ‘ಇಲ್ಲರಿ’ ಎಂದು ಹಿಂತಿರುಗಿದವರು ಮೂರು ಕಪಾಟು ಬಿಟ್ಟು ಹೋಗಿರುತ್ತಾರೆ. ಸೋಲಾಪುರ ಚಾದರದ ಮೇಲೆ ಮಾತಾಡುವವರು 677ರ ಜವಳಿ ವಿಭಾಗಕ್ಕೆ ಹೋಗಬೇಕು. ಭಾಷಣ ಕಲೆಯ ಪುಸ್ತಕಗಳಿಗೂ ಒಂದು ವಿಳಾಸ ಇದೆ, 808.51.

ಒಂದು ಒಳ್ಳೆಯ ಪುಸ್ತಕ ಸಿಕ್ಕ ಮೇಲೆ ಅದನ್ನು ಮೊದಲ ಪುಟದಿಂದ ಓದುವ ಅಗತ್ಯವಿಲ್ಲ. ಹಿಂದಿನಿಂದ ತೆರೆಯಿರಿ. ಪದಸೂಚಿ ಇದ್ದರೆ ‘ಕೆರೆ’ ಎಲ್ಲೆಲ್ಲಿ ಬಂದಿದೆ ಎಂದು ಎರಡು ನಿಮಿಷದಲ್ಲಿ ತಿಳಿಯುತ್ತದೆ. ಗ್ರಂಥಋಣದ ಪುಟ ಇದ್ದರಂತೂ ಲೇಖಕರು ವರ್ಷಗಟ್ಟಲೆ ಅಲೆದು ಹುಡುಕಿದ್ದರ ಪಟ್ಟಿಯೇ ಕೈಗೆ ಬಂದಂತೆ. ಹೊರಗೆ ಒಯ್ಯಲು ಕೊಡದ ಆಕರ ಗ್ರಂಥಗಳ ಕಪಾಟಿನಲ್ಲಿ ಎರಡು ವಿಶ್ವಕೋಶಗಳನ್ನು ಒಟ್ಟಿಗೆ ತೆಗೆದು ನೋಡುವ ಅವಕಾಶ ಗಡಿಯ ವಿದ್ಯಾರ್ಥಿಗೆ ಮಾತ್ರ ಇದೆ: ಮೈಸೂರು ವಿಶ್ವವಿದ್ಯಾನಿಲಯದ ಹದಿನಾಲ್ಕು ಸಂಪುಟಗಳ ಕನ್ನಡ ವಿಶ್ವಕೋಶ ಮತ್ತು ಲಕ್ಷ್ಮಣಶಾಸ್ತ್ರಿ ಜೋಶಿಯವರು ಸಂಪಾದಕತ್ವ ವಹಿಸಿ ಶುರು ಮಾಡಿದ ಮರಾಠಿ ವಿಶ್ವಕೋಶ. ಒಂದೇ ವಿಷಯದ ಮೇಲೆ ಎರಡೂ ಏನು ಬರೆದಿವೆ, ಏನು ಬಿಟ್ಟಿವೆ ಎಂದು ಹೋಲಿಸುವುದರಲ್ಲೇ ಒಂದು ಭಾಷಣ ಸಿದ್ಧವಾಗುತ್ತದೆ. ಮರಾಠಿಯದು ಈಗ ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತದೆ.

ಮೊಬೈಲಿನಲ್ಲಿ ಹುಡುಕುವವರಿಗೆ

ಮೊಬೈಲು ಬೇಡ ಎಂದು ಹೇಳುವವರ ಸಾಲಿಗೆ ನಾನು ಸೇರಿದವನಲ್ಲ. ನಂದೇಶ್ವರದಿಂದ ಜಿಲ್ಲಾ ಕೇಂದ್ರದ ಗ್ರಂಥಾಲಯಕ್ಕೆ ಎಸ್‌ಟಿ ಬಸ್ಸಿನಲ್ಲಿ ಹೋಗಿ ಬರುವುದೆಂದರೆ ಒಂದು ದಿನದ ಕೆಲಸ. ಆದರೆ ಮೊಬೈಲಿನಲ್ಲೂ ಗ್ರಂಥಾಲಯಕ್ಕೇ ಹೋಗಬೇಕು.

ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಸಂಸ್ಥೆಯ ಶೋಧಗಂಗಾದಲ್ಲಿ ದೇಶದ ವಿಶ್ವವಿದ್ಯಾಲಯಗಳ ಪಿಎಚ್‌ಡಿ ಪ್ರಬಂಧಗಳು ಅಧ್ಯಾಯವಾರು ಬಿಡಿಬಿಡಿಯಾಗಿ ಸಿಗುತ್ತವೆ. ಲಾಗಿನ್ ಬೇಕಿಲ್ಲ, ದುಡ್ಡು ಬೇಕಿಲ್ಲ. ಅದೇ ಸಂಸ್ಥೆಯ ಎನ್-ಲಿಸ್ಟ್ ಯೋಜನೆಗೆ ಕಾಲೇಜು ಸೇರಿದ್ದರೆ ಸಾವಿರಾರು ಪತ್ರಿಕೆ, ಪುಸ್ತಕಗಳಿಗೆ ವಿದ್ಯಾರ್ಥಿಗೂ ಪ್ರವೇಶ ಉಂಟು. ಗ್ರಂಥಪಾಲರನ್ನು ಕೇಳಿ ಲಾಗಿನ್ ಮಾಡಿಸಿಕೊಳ್ಳಬೇಕು, ಅಷ್ಟೇ. ಖರಗ್‌ಪುರ ಐಐಟಿ ನಡೆಸುವ ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯ ಇದೆ. ಕನ್ನಡಕ್ಕೆ ಕರ್ನಾಟಕ ಸರ್ಕಾರದ ಕಣಜ ಇದೆ, ವಚನಗಳಲ್ಲಿ ಪದ ಹಾಕಿ ಹುಡುಕಲು ವಚನ ಸಂಚಯ ಇದೆ. ಲೇಖಕರು ತೀರಿಕೊಂಡು ಅರವತ್ತು ವರ್ಷ ಕಳೆದ ಮೇಲೆ ಪುಸ್ತಕದ ಹಕ್ಕು ಎಲ್ಲರದಾಗುತ್ತದೆ. ವಿಜಯಪುರದಲ್ಲಿ ಕೂತು ವಚನಗಳನ್ನು ಹುಡುಕಿ ಅಚ್ಚು ಹಾಕಿಸಿದ ಫ.ಗು. ಹಳಕಟ್ಟಿಯವರು 1964ರಲ್ಲಿ ತೀರಿಕೊಂಡರು. 2025ರ ಜನವರಿಯಿಂದ ಅವರ ಬರಹಗಳನ್ನು ಯಾರು ಬೇಕಾದರೂ ಮರುಮುದ್ರಿಸಬಹುದು, ಜಾಲದಲ್ಲಿ ಹಾಕಬಹುದು.

ಹುಡುಕುವ ಪದದ ವಿಷಯದಲ್ಲಿ ಮಾತ್ರ ಸ್ವಲ್ಪ ಹಟ ಬೇಕು. ಹಳೆಯ ಇಂಗ್ಲಿಷ್ ಪುಸ್ತಕಗಳಲ್ಲಿ ಊರಿನ ಹೆಸರು ಶೋಲಾಪುರ ಎಂದಿದೆ. ಬಾಂಬೆ ಪ್ರಾಂತದ ಗೆಜೆಟಿಯರಿನ ಇಪ್ಪತ್ತನೆಯ ಸಂಪುಟ, 1884ರದ್ದು, ಆ ಹೆಸರಿನಲ್ಲೇ ಇದೆ. ಈಗಿನ ಕಾಗುಣಿತದಲ್ಲಿ ಹುಡುಕಿದವರಿಗೆ ಅದು ಸಿಗದೆ ಹೋಗಬಹುದು. ಕಂದಾಯ, ಸಂತೆ, ನೇಕಾರರು, ಬರಗಾಲ ಇವುಗಳ ವಿವರ ಅದರಲ್ಲಿ ದಂಡಿಯಾಗಿದೆ. ಬರೆದವರು ಆಳುವವರ ಕಡೆಯವರು ಎಂಬುದನ್ನು ನೆನಪಿಟ್ಟುಕೊಂಡು ಓದಬೇಕು. ಇನ್ನು ಸ್ಕ್ಯಾನ್ ಮಾಡಿದ ಹಳೆಯ ಕನ್ನಡ ಪುಸ್ತಕಗಳ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಮನಬಂದಂತೆ ಬರೆದಿರುತ್ತಾರೆ. ಹೆಸರಿನಿಂದ ಸಿಗದಿದ್ದರೆ ಲೇಖಕರ ಹೆಸರಿನಿಂದ, ಅದೂ ಆಗದಿದ್ದರೆ ಪ್ರಕಾಶಕರ ಹೆಸರಿನಿಂದ ಹುಡುಕಬೇಕು.

ಎಐಗೆ ಕೇಳುವವರು ಈಗ ಹೆಚ್ಚು. ಕೇಳಲಿ. ಆದರೆ ಅದು ಹೇಳಿದ ಪುಸ್ತಕ ನಿಜಕ್ಕೂ ಇದೆಯೇ ಎಂದು ಗ್ರಂಥಾಲಯದ ಪಟ್ಟಿಯಲ್ಲಿ ನೋಡಿಯೇ ವೇದಿಕೆ ಹತ್ತಬೇಕು. ಇಲ್ಲದ ಪುಸ್ತಕಕ್ಕೆ ಲೇಖಕ, ಪ್ರಕಾಶಕ, ಇಸವಿ ಎಲ್ಲವನ್ನೂ ಅದು ನಾಜೂಕಾಗಿ ಜೋಡಿಸಿ ಕೊಡಬಲ್ಲದು.

ಮೂರು ದಿನವೋ, ನಾಲ್ಕು ದಿನವೋ

ಸೋಲಾಪುರದ ಹುಡುಗರಿಗೆ ತುಂಬ ಪ್ರಿಯವಾದ ಭಾಷಣ ವಿಷಯ 1930ರ ಹೋರಾಟ. ಗಾಂಧೀಜಿಯ ಬಂಧನದ ಸುದ್ದಿ ಬಂದ ಮೇಲೆ ಗಿರಣಿ ಕಾರ್ಮಿಕರು ಬೀದಿಗಿಳಿದದ್ದು, ಮೇ 8ರ ಗೋಲಿಬಾರ್, ಆಡಳಿತ ಕಾಲ್ತೆಗೆದದ್ದು, ಮೇ 12ರಂದು ಮಾರ್ಷಲ್ ಲಾ. ಮುಂದಿನ ವರ್ಷ ಜನವರಿ 12ರಂದು ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಜಗನ್ನಾಥ ಶಿಂದೆ, ಶ್ರೀಕಿಸನ್ ಸಾರಡಾ ನಾಲ್ವರನ್ನೂ ಪುಣೆಯ ಯೆರವಡಾ ಜೈಲಿನಲ್ಲಿ ಗಲ್ಲಿಗೇರಿಸಿದರು. ನಗರದ ಚಾರ್ ಹುತಾತ್ಮಾ ಚೌಕ ಇವರ ಹೆಸರಿನದೇ.

ಭಾಷಣಗಳಲ್ಲಿ ಒಬ್ಬರು ‘ಸೋಲಾಪುರ ಮೂರು ದಿನ ಸ್ವತಂತ್ರವಾಗಿತ್ತು’ ಎನ್ನುತ್ತಾರೆ, ಇನ್ನೊಬ್ಬರು ‘ನಾಲ್ಕು ದಿನ’ ಎನ್ನುತ್ತಾರೆ. ಇಬ್ಬರೂ ಅಷ್ಟೇ ಜೋರಾಗಿ. ಎಲ್ಲಿ ಓದಿದಿರಿ ಎಂದು ಕೇಳಿದರೆ ಇಬ್ಬರಲ್ಲೂ ಉತ್ತರ ಇರುವುದಿಲ್ಲ. ಈ ಗೊಂದಲದ ಬೇರು ಎಣಿಕೆಯಲ್ಲಿದೆ. ಗೋಲಿಬಾರ್ ನಡೆದ 8ನೇ ತಾರೀಖನ್ನೂ ಸೇರಿಸಿದರೆ 11ರ ತನಕ ನಾಲ್ಕು, ಮರುದಿನದಿಂದ ಎಣಿಸಿದರೆ ಮೂರು. ‘ಸ್ವತಂತ್ರ’ ಎಂದರೆ ಏನು ಎಂಬುದೇ ನಿಜವಾದ ಪ್ರಶ್ನೆ: ಪೊಲೀಸರು ಇರಲಿಲ್ಲ ಎಂದೇ, ಊರಿನ ವ್ಯವಹಾರವನ್ನು ಜನರೇ ನಡೆಸಿದರು ಎಂದೇ? ಅದಕ್ಕೆ ಆ ವಾರದ ಪತ್ರಿಕೆಗಳನ್ನು, ಸರ್ಕಾರದ ಕಡೆಯ ವರದಿಯನ್ನು, ಹೋರಾಟದಲ್ಲಿದ್ದವರ ನೆನಪುಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ಘಟನೆಗೆ ಹತ್ತಿರದ ಬರಹದಲ್ಲಿ ಸಿಟ್ಟು, ಹೆದರಿಕೆ ಹೆಚ್ಚು. ದೂರದ ಬರಹದಲ್ಲಿ ಅಭಿಮಾನ ಹೆಚ್ಚು. ಎರಡನ್ನೂ ಹೇಳಿ, ಯಾಕೆ ಬೇರೆ ಎಂದು ಬಿಡಿಸಿದ ವಿದ್ಯಾರ್ಥಿಯ ಮುಂದೆ ಬಾಯಿಪಾಠದವರು ನಿಲ್ಲಲಾರರು.

ಪುಸ್ತಕ ಅಚ್ಚಾದ ವರ್ಷವನ್ನೂ ನೋಡಬೇಕು. ಮರಾಠಿಯ ಅತ್ಯಂತ ಹಳೆಯ ಶಾಸನ ನಮ್ಮ ಶ್ರವಣಬೆಳಗೊಳದ ಗೊಮ್ಮಟನ ಪಾದದ ಬಳಿ ಇದೆ ಎಂದು ಹಳೆಯ ಗೈಡುಗಳಲ್ಲಿ ಇರುತ್ತದೆ. ಆಮೇಲೆ ದಕ್ಷಿಣ ಸೋಲಾಪುರ ತಾಲೂಕಿನ ಹತ್ತರಸಂಗ ಕುಡಲದಲ್ಲಿ, ಭೀಮಾ–ಸೀನಾ ನದಿಗಳು ಕೂಡುವಲ್ಲಿ, ಸೋಲಾಪುರದ ಸಂಶೋಧಕ ಆನಂದ ಕುಂಭಾರರು ಓದಿದ 1018ರ ಶಾಸನ ಬೆಳಕಿಗೆ ಬಂತು. ಕೊಂಕಣದ ಆಕ್ಷಿಯ ಶಾಸನದ ಹೆಸರೂ ಚರ್ಚೆಗೆ ಬಂತು. ವಿದ್ವಾಂಸರ ವಾದ ಇನ್ನೂ ನಡೆದಿದೆ. ಇದೇ ಕುಂಭಾರರು ಧಾರವಾಡದ ಶ್ರೀನಿವಾಸ ರಿತ್ತಿಯವರ ಜೊತೆ ಸೋಲಾಪುರ ಜಿಲ್ಲೆಯ ಶಾಸನಗಳ ಸಂಪುಟವನ್ನೂ ತಂದರು. ಅದನ್ನು ತಿರುವಿದರೆ ಜಿಲ್ಲೆಯ ಶಾಸನಗಳಲ್ಲಿ ಬಹುಪಾಲು ಕನ್ನಡದವು ಎಂಬುದು ತಾನಾಗಿ ಕಾಣುತ್ತದೆ.

ಅಂಕಿತ ನೋಡಿ ವಚನ ಹೇಳಿ

ವಾಟ್ಸ್‌ಆ್ಯಪಿನಲ್ಲಿ ಬರುವ ‘ಬಸವಣ್ಣನವರ ನುಡಿ’ಗಳಲ್ಲಿ ಅಂಕಿತವೇ ಇರುವುದಿಲ್ಲ. ವಚನಕಾರರು ತಮ್ಮ ಮಾತಿಗೆ ತಾವೇ ಮುದ್ರೆ ಒತ್ತಿ ಹೋದವರು: ಬಸವಣ್ಣನಿಗೆ ಕೂಡಲಸಂಗಮದೇವ, ಸಿದ್ಧರಾಮನಿಗೆ ಕಪಿಲಸಿದ್ಧಮಲ್ಲಿಕಾರ್ಜುನ. ಮುದ್ರೆ ಇಲ್ಲದ ವಚನ ಕೈಗೆ ಬಂದರೆ ಅದರೊಳಗಿನ ಎರಡು ಅಪರೂಪದ ಪದ ಆರಿಸಿ ವಚನ ಸಂಚಯದಲ್ಲಿ ಹಾಕಿ ನೋಡುವುದು ಒಂದು ನಿಮಿಷದ ಕೆಲಸ. ಕಾಯಕವನ್ನು ಕೈಲಾಸಕ್ಕೆ ಸಮ ಮಾಡಿದ ಆ ಪ್ರಸಿದ್ಧ ಮಾತನ್ನೇ ತೆಗೆದುಕೊಳ್ಳಿ. ಶಾಲೆಯ ಗೋಡೆಗಳ ಮೇಲೆ ಅದನ್ನು ಬಸವಣ್ಣನ ಚಿತ್ರದ ಕೆಳಗೆ ಬರೆದಿರುತ್ತಾರೆ. ಅದು ಸಿಗುವುದು ಆಯ್ದಕ್ಕಿ ಮಾರಯ್ಯನ ವಚನದಲ್ಲಿ. ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ಬದುಕಿದವನ ಬಾಯಲ್ಲಿ ಆ ಮಾತಿಗೆ ಬರುವ ತೂಕವೇ ಬೇರೆ, ಭಾಷಣಕ್ಕೂ ಅದೇ ಒಳ್ಳೆಯದು.

ಗಡಿಯ ವಿಷಯವೇ ಬಂದರೆ

ಅಕ್ಕಲಕೋಟೆಯ ಕಾಲೇಜಿನಲ್ಲಿ ಚರ್ಚಾಸ್ಪರ್ಧೆ ಎಂದರೆ ಗಡಿ ವಿವಾದ ಬಂದೇ ಬರುತ್ತದೆ. ಬೆಂಗಳೂರಿನ ಪತ್ರಿಕೆ ಒಂದು ಹೇಳುತ್ತದೆ, ಪುಣೆಯದು ಇನ್ನೊಂದು. ಎರಡೂ ಭಾಷೆ ಓದಬಲ್ಲ ವಿದ್ಯಾರ್ಥಿ ಎರಡೂ ಕತ್ತರಿಸಿ ಇಟ್ಟುಕೊಂಡು, ಈ ವಿವಾದಕ್ಕೆಂದೇ ನೇಮಿಸಿದ್ದ ಮಹಾಜನ ಆಯೋಗದ 1967ರ ವರದಿಯಲ್ಲೇ ತನ್ನ ತಾಲೂಕಿನ ಬಗ್ಗೆ ಏನಿದೆ ಎಂದು ನೋಡಬೇಕು. ವರದಿಯೇ ಅಂತಿಮ ಎಂಬುದು ಕರ್ನಾಟಕದ ನಿಲುವು, ಮಹಾರಾಷ್ಟ್ರ ಅದನ್ನು ಒಪ್ಪದೆ 2004ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ವರದಿ ಓದದೆಯೇ ಅದರ ಪರ ವಿರೋಧ ಮಾತಾಡುವವರು ದೊಡ್ಡ ವೇದಿಕೆಗಳಲ್ಲೂ ಇದ್ದಾರೆ ಎನ್ನುವುದು ಬೇರೆ ಮಾತು.

ಕಪಾಟಿನ ಹೊರಗೆ

ಓದುಗರು ಅಡಿಟಿಪ್ಪಣಿ ನೋಡುತ್ತಾರೆ, ಕೇಳುಗರಿಗೆ ಅದು ಕಾಣದು. ಹಾಗಾಗಿ ಭಾಷಣದಲ್ಲಿ ಮೂಲವನ್ನು ಮಾತಿನೊಳಗೇ ಸೇರಿಸಬೇಕು. ‘1884ರ ಗೆಜೆಟಿಯರ್ ಬರೆದ ಅಧಿಕಾರಿಗಳು ಕಂಡದ್ದು ಹೀಗೆ’ ಎಂದರೆ ಸಾಕು. ಸಂಪುಟ, ಪುಟ ಎಲ್ಲ ಕೈಯಲ್ಲಿರುವ ಚೀಟಿಯಲ್ಲಿರಲಿ, ಕೇಳಿದರೆ ಹೇಳಬಹುದು.

ಎಲ್ಲ ವಿಷಯಕ್ಕೂ ಪುಸ್ತಕವೇ ಸಿಗುತ್ತದೆ ಎಂದೇನಿಲ್ಲ. ಮಂಗಳವೇಢೆಯ ಜೋಳಕ್ಕೆ ಜಿಐ ಮಾನ್ಯತೆ ಇದೆ. ಅದರ ಅರ್ಜಿಯ ವಿವರ ಜಿಐ ನೋಂದಣಿ ಕಚೇರಿಯ ಜಾಲತಾಣದಲ್ಲಿ ಸಿಗುತ್ತದೆ. ಹೆಸರಾದ ಎಂ 35-1 ಮಾಲದಂಡಿ ತಳಿಯನ್ನು ಇದೇ ಜಿಲ್ಲೆಯ ಮೋಹೋಳದಲ್ಲಿ ಆರಿಸಿದರು ಎಂಬುದು ಕೃಷಿ ಪುಸ್ತಕಗಳಲ್ಲಿದೆ. ಆದರೆ ಸುಗ್ಗಿಯ ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ಹೇಗೆ ತುಂಬುತ್ತಿದ್ದರು, ಬಾಯಿ ಹೇಗೆ ಮುಚ್ಚುತ್ತಿದ್ದರು, ತೆರೆದ ಕೂಡಲೇ ಯಾಕೆ ಒಳಗೆ ಇಳಿಯಬಾರದು ಎಂಬುದನ್ನು ನಂದೇಶ್ವರದ ಕಡೆಯ ಹಿರಿಯರನ್ನೇ ಕೇಳಬೇಕು. ‘ಕಾಕಾ, ಹಗೇವಿಂದ ಸ್ವಲ್ಪ ಹೇಳ್ರಿ’ ಎಂದು ಕೂತರೆ ಕಾಕಾ ಸಂಜೆತನಕ ಹೇಳುತ್ತಾರೆ. ಅವರ ಒಪ್ಪಿಗೆ ಪಡೆದು ಹೆಸರು, ಊರು, ವಯಸ್ಸು, ಮಾತಾಡಿದ ತಾರೀಖು ಬರೆದುಕೊಳ್ಳಬೇಕು. ವೇದಿಕೆಯ ಮೇಲೆ ‘ಹಿಂದಿನ ಕಾಲದಲ್ಲಿ’ ಎನ್ನುವ ಬದಲು ಇಂಥ ಊರಿನ ಇಂಥವರು ಹೇಳಿದ್ದು ಎನ್ನಬೇಕು. ಆ ಹಾಳೆಯ ಒಂದು ಝೆರಾಕ್ಸ್ ಪ್ರತಿ ಕಾಲೇಜಿನ ಗ್ರಂಥಪಾಲರ ಬಳಿ ಇದ್ದರೆ ಮುಂದಿನ ವರ್ಷ ಜೋಳದ ಮೇಲೆ ಸೆಮಿನಾರು ಮಾಡುವವರಿಗೆ ಅದೂ ಒಂದು ಆಕರ.